ಕಲ್ಚರ್ ಪಾಸಿಟಿವ್ ಬಂದ ಮಾತ್ರಕ್ಕೆ ರಕ್ತದಲ್ಲಿ ಸೋಂಕಿದೆಯೇ?

ಆಸ್ಪತ್ರೆಯ ಮೈಕ್ರೋಬಯಾಲಜಿ ಪ್ರಯೋಗಾಲಯದಲ್ಲಿ ಬ್ಲಡ್ ಕಲ್ಚರ್ (ರೋಗಿಯ ರಕ್ತವನ್ನು ಬಾಟಲಿಯಲ್ಲಿಟ್ಟು ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ವರದಿಗಳಿಗೆ ಸಹಿ ಹಾಕುವ ನನಗೆ, ಬಾಟಲಿಯಲ್ಲಿ ಬೆಳೆದ ಬ್ಯಾಕ್ಟೀರಿಯಾ ರೋಗಿಯ ರಕ್ತದಲ್ಲೇ ಇತ್ತೇ ಅಥವಾ ಸೂಜಿ ಚುಚ್ಚುವಾಗ ಚರ್ಮದಿಂದ ಸೇರಿಕೊಂಡಿತೇ ಎಂಬ ಪ್ರಶ್ನೆ ದಿನವೂ ಎದುರಾಗುತ್ತದೆ. ಕೋಆಗ್ಯುಲೇಸ್ ನೆಗೆಟಿವ್ ಸ್ಟೆಫೈಲೊಕಾಕಸ್, ಡಿಫ್ತೆರಾಯ್ಡ್, ಮೈಕ್ರೊಕಾಕಸ್‌ನಂಥ ಚರ್ಮದ ಬ್ಯಾಕ್ಟೀರಿಯಾಗಳು, ಬೇರೆ ಬೇರೆ ಜಾಗದಿಂದ ತೆಗೆದ ಎರಡು ಸೆಟ್‌ಗಳ (ಒಂದು ಸಲ ಚುಚ್ಚಿ ತೆಗೆದ ರಕ್ತದ ಬಾಟಲಿಗಳು ಒಂದು ಸೆಟ್) ಪೈಕಿ ಒಂದರಲ್ಲಿ ಮಾತ್ರ ಬೆಳೆದರೆ ಅದು ಹೆಚ್ಚಾಗಿ ಕಂಟ್ಯಾಮಿನೇಷನ್, ಅಂದರೆ ಹೊರಗಿನಿಂದ ಸೇರಿಕೊಂಡದ್ದು. ಆದರೆ ಖರ್ಚು ಉಳಿಸಲು ಒಂದೇ ಬಾಟಲಿ ಕಳುಹಿಸುವ ರೂಢಿ ನಮ್ಮಲ್ಲಿದೆ. ಹೋಲಿಸಿ ನೋಡಲು ಎರಡನೆಯದಿಲ್ಲದಾಗ ವೈದ್ಯರು ಅಪಾಯ ಬೇಡವೆಂದು ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಆರಂಭಿಸುತ್ತಾರೆ. ಆ ಔಷಧ, ಕಿಡ್ನಿಯ ಪರೀಕ್ಷೆಗಳು, ಹೆಚ್ಚುವರಿ ದಿನಗಳ ಹಾಸಿಗೆ ಎಲ್ಲವೂ ರೋಗಿಯ ಮನೆಯವರ ಮೇಲೆ ಬೀಳುತ್ತವೆ. ಇದನ್ನು ಉಳಿತಾಯವೆಂದು ನಾನು ಒಪ್ಪಲಾರೆ.

ಪ್ರಯೋಗಾಲಯಗಳಿಗೆ ಮಾನದಂಡ ರೂಪಿಸುವ ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆ, ಒಟ್ಟು ಬ್ಲಡ್ ಕಲ್ಚರ್‌ಗಳಲ್ಲಿ ಕಂಟ್ಯಾಮಿನೇಷನ್ ಪ್ರಮಾಣ ಶೇ. 3 ಮೀರಬಾರದೆಂದು ಹೇಳುತ್ತಿತ್ತು. 2022ರ ಮಾರ್ಗಸೂಚಿಯಲ್ಲಿ, ಉತ್ತಮ ಪದ್ಧತಿಗಳನ್ನು ಪಾಲಿಸಿದರೆ ಶೇ. 1ಕ್ಕೆ ಇಳಿಸುವ ಗುರಿಯನ್ನೂ ಸೂಚಿಸಿದೆ. ನಾವು ಮೊದಲು ಇಡೀ ಆಸ್ಪತ್ರೆಗೆ ಒಂದೇ ಪ್ರಮಾಣವನ್ನು ಲೆಕ್ಕ ಹಾಕುತ್ತಿದ್ದೆವು. ಅದು ಯಾರಿಗೂ ಏನನ್ನೂ ಹೇಳಲಿಲ್ಲ. ವಾರ್ಡ್‌ವಾರು ಬಿಡಿಸಿ ನೋಡಿದ ಮೇಲೆಯೇ ಎಮರ್ಜೆನ್ಸಿಯ ಪಾಲು ಎದ್ದು ಕಂಡಿತು.

ಅಲ್ಲಿಗೆ ಹೋಗಿ ರಕ್ತ ತೆಗೆಯುವುದನ್ನು ನೋಡಿದಾಗ ಕಾರಣಗಳು ಸ್ಪಷ್ಟವಾದವು. ಸ್ವಚ್ಛಗೊಳಿಸಿದ ಚರ್ಮ ಒಣಗುವ ಮುನ್ನವೇ ಸೂಜಿ ಚುಚ್ಚಲಾಗುತ್ತಿತ್ತು. ಸ್ಪಿರಿಟ್ ಹಚ್ಚಿದ ಮೇಲೆ ರಕ್ತನಾಳ ಸಿಗದಿದ್ದರೆ ಅದೇ ಜಾಗವನ್ನು ಬೆರಳಿನಿಂದ ಮತ್ತೆ ಒತ್ತಿ ನೋಡಲಾಗುತ್ತಿತ್ತು. ಬಾಟಲಿಯ ಮುಚ್ಚಳದಡಿಯ ರಬ್ಬರ್ ಮೊದಲೇ ಸ್ಟೆರೈಲ್ (ಸೂಕ್ಷ್ಮಾಣುರಹಿತ) ಆಗಿರುತ್ತದೆಂದು ಬಹಳ ಮಂದಿ ನಂಬಿದ್ದರು. ಅದು ಸ್ಟೆರೈಲ್ ಅಲ್ಲ, ಸ್ಪಿರಿಟ್‌ನಿಂದ ಒರೆಸಿ ಒಣಗಲು ಬಿಡಲೇಬೇಕು. ಚರ್ಮವನ್ನು ಆಲ್ಕೋಹಾಲ್‌ನಲ್ಲಿ ಬೆರೆಸಿದ 2% ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕದಿಂದ 30 ಸೆಕೆಂಡು ಉಜ್ಜಿ, ತಾನಾಗಿಯೇ ಒಣಗುವವರೆಗೆ ಕಾಯಬೇಕು. ದಟ್ಟಣೆಯ ನಡುವೆ ಆ ಅರ್ಧ ನಿಮಿಷ ದೊಡ್ಡದೆನಿಸುತ್ತದೆ ಎಂಬುದು ನನಗೆ ಗೊತ್ತು. ಸಿಸ್ಟರ್‌ಗಳ ಮೇಲಿನ ಒತ್ತಡವನ್ನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಸೂಚನಾಫಲಕ ಅಂಟಿಸುವ ಬದಲು, ಬೇಕಾದ ಸಾಮಗ್ರಿಯನ್ನೆಲ್ಲ ಒಂದೇ ಕಿಟ್‌ನಲ್ಲಿ ಸೇರಿಸಿಟ್ಟೆವು. ಕಂಟ್ಯಾಮಿನೇಷನ್ ಕಂಡ ಬಾಟಲಿಯ ವಿವರವನ್ನು ತಿಂಗಳ ಕೊನೆಯವರೆಗೆ ಕಾಯದೆ, ರಕ್ತ ತೆಗೆದವರಿಗೆ ತಕ್ಷಣವೇ, ಯಾರನ್ನೂ ದೂರದೆ ತಿಳಿಸತೊಡಗಿದೆವು. ಪ್ರಮಾಣ ಇಳಿಯಲು ಹೆಚ್ಚು ನೆರವಾದದ್ದು ಈ ಎರಡನೆಯ ಕ್ರಮವೆಂದೇ ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳದೊಳಗೆ ಹಾಕಿಟ್ಟ ನಳಿಕೆ) ಇರುವವರಲ್ಲಿ, ಕೃತಕ ಹೃದಯ ಕವಾಟ ಅಳವಡಿಸಿಕೊಂಡವರಲ್ಲಿ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳಲ್ಲಿ ಇದೇ ಚರ್ಮದ ಸ್ಟೆಫೈಲೊಕಾಕಸ್ ನಿಜವಾದ ಸೋಂಕನ್ನೂ ಉಂಟುಮಾಡುತ್ತದೆ. ಅಂಥವರ ವರದಿಯಲ್ಲಿ ‘ಕಂಟ್ಯಾಮಿನೇಷನ್’ ಎಂದು ಬರೆಯುವ ಮುನ್ನ ನಾನು ವಾರ್ಡಿನ ವೈದ್ಯರಿಗೆ ಫೋನ್ ಮಾಡಿ ರೋಗಿಯ ಸ್ಥಿತಿಯನ್ನು ವಿಚಾರಿಸುತ್ತೇನೆ.