‘ಲೈಕ್’ ಕಂಡಲ್ಲೆಲ್ಲ ಸಿಮಿಲಿ ಇಲ್ಲ

ಗದಗಿನ ಒಂದು ಶಾಲೆಯಲ್ಲಿ ಭಾನುವಾರದ ಹೆಚ್ಚುವರಿ ತರಗತಿ. ಹಲಗೆಯ ಮೇಲೆ 20 ಇಂಗ್ಲಿಷ್ ವಾಕ್ಯ, ಪ್ರತಿಯೊಂದರ ಫಿಗರ್ ಆಫ್ ಸ್ಪೀಚ್, ಅಂದರೆ ಅಲಂಕಾರ, ಗುರುತಿಸಬೇಕು. ಮೊದಲನೆಯದು ‘ಶೀ ಲುಕ್ಸ್ ಲೈಕ್ ಹರ್ ಮದರ್’. ಓದಿ ಮುಗಿಸುವಷ್ಟರಲ್ಲೇ ಹಿಂದಿನ ಬೆಂಚಿನಿಂದ ಉತ್ತರ: “ಸಿಮಿಲಿರಿ ಸರ, ಲೈಕ್ ಐತೆಲ್ರಿ!”

ಸಿಮಿಲಿ ಎಂದರೆ ನಮ್ಮ ಉಪಮೆ. ಎಡವುವುದು ಇಲ್ಲೇ. ತಾಯಿ ಮಗಳು ಇಬ್ಬರೂ ಮನುಷ್ಯರು, ಮುಖ ಹೋಲುತ್ತದೆ, ಅದು ಇದ್ದದ್ದು ಇದ್ದ ಹಾಗೆ ಹೇಳಿದ ಮಾತು. ‘ಹಿ ಈಸ್ ಆ್ಯಸ್ ಟಾಲ್ ಆ್ಯಸ್ ಹಿಸ್ ಫಾದರ್’ ಕೂಡ ಬರೀ ಅಳತೆ. ‘ಆ್ಯಸ್ ಇಟ್ ರೇನ್ಡ್, ವಿ ಸ್ಟೇಡ್ ಹೋಮ್’ ಎಂಬಲ್ಲಿ ‘ಆ್ಯಸ್’ ಕಾರಣ ಹೇಳುತ್ತದೆ, ಹೋಲಿಸುವುದೇ ಇಲ್ಲ. ಸಿಮಿಲಿಯಲ್ಲಿ ಎರಡು ಬೇರೆ ಜಾತಿಯ ವಸ್ತುಗಳು ಎದುರುಬದುರಾಗಬೇಕು. (ಅದನ್ನು ‘ಸಿಮೈಲ್’ ಎಂದು ಓದುವವರು ಇನ್ನೂ ಇದ್ದಾರೆ. ಉಚ್ಚಾರ ಸಿಮಿಲಿ.)

ಹೋಲಿಕೆ ಪರೀಕ್ಷಿಸಲು ಕನ್ನಡ ವ್ಯಾಕರಣ ಉಪಮೆಗೆ ಹೇಳುವ ನಾಲ್ಕು ಭಾಗಗಳೇ ಸಾಕು. ‘ಹಿಸ್ ಫೇಸ್ ವಾಸ್ ಆ್ಯಸ್ ರೆಡ್ ಆ್ಯಸ್ ಅ ಬ್ಯಾಡಗಿ ಚಿಲ್ಲಿ’: ಮುಖ ಉಪಮೇಯ, ಮೆಣಸಿನಕಾಯಿ ಉಪಮಾನ, ಕೆಂಪು ಸಮಾನಧರ್ಮ, ‘ಆ್ಯಸ್’ ಉಪಮಾವಾಚಕ. ಆ ವಾಚಕ ಬಿದ್ದುಹೋಗಿ ಎರಡೂ ಒಂದೇ ಎಂದರೆ ಮೆಟಫರ್, ನಮ್ಮ ರೂಪಕ. ರೂಪಕ ಸಾಮ್ರಾಜ್ಯದ ಚಕ್ರವರ್ತಿ ಎನಿಸಿಕೊಂಡ ಕುಮಾರವ್ಯಾಸ ಕುಳಿತು ಬರೆದನೆಂದು ಹೇಳುವ ವೀರನಾರಾಯಣನ ಗುಡಿ ಇದೇ ಊರಿನಲ್ಲಿದೆ. ಗದಗಿನ ಮಕ್ಕಳು ಮೆಟಫರಿಗೆ ಹೆದರಬಾರದು. ಆದರೂ ಹೆದರುತ್ತಾರೆ, ಏಕೆಂದರೆ ‘ಎ ಈಸ್ ಬಿ’ ಎಂಬ ಅಚ್ಚನ್ನೇ ಹುಡುಕುತ್ತಾರೆ. ‘ಆ್ಯಂಗರ್ ಬಾಯ್ಲ್ಡ್ ಇನ್ ಹಿಮ್’ ಎಂಬಲ್ಲಿ ‘ಈಸ್’ ಇಲ್ಲ, ರೂಪಕ ಕ್ರಿಯಾಪದದೊಳಗೆ ಅಡಗಿದೆ. ಕುದಿಯುವುದು ನೀರು, ಸಿಟ್ಟಲ್ಲ.

ಪರ್ಸಾನಿಫಿಕೇಶನ್ ಬೇಗ ಹತ್ತುತ್ತದೆ: ಮನುಷ್ಯನ ಕೆಲಸವನ್ನು ಗಾಳಿಯೋ ಮಳೆಯೋ ಮಾಡಬೇಕು. ‘ಓ ವಿಂಡ್, ಕಮ್ ಟು ಮೈ ಡೋರ್’ ಎಂದು ಗಾಳಿಯನ್ನೇ ಕರೆದು ಮಾತಾಡಿಸಿದರೆ ಅದು ಅಪಾಸ್ಟ್ರಫಿ. ಇಂಗ್ಲಿಷಿನಲ್ಲಿ ಅಕ್ಷರದ ತಲೆಯ ಪಕ್ಕ ಹಾಕುವ ಚಿಹ್ನೆಯ ಹೆಸರೂ ಅದೇ ಆದ್ದರಿಂದ ಕೆಲವರು ವಾಕ್ಯದಲ್ಲಿ ಆ ಚಿಹ್ನೆ ಹುಡುಕುತ್ತ ಕೂತರು.

ಹೆಚ್ಚು ಹೊತ್ತು ಹಿಡಿದದ್ದು ಅಲಿಟರೇಶನ್, ಅಂದರೆ ಹತ್ತಿರದ ಪದಗಳ ಮೊದಲ ಸದ್ದು ಮರುಕಳಿಸುವುದು. ಅಕ್ಷರ ನೋಡಿ ಗುರುತಿಸಿದರೆ ತಪ್ಪುತ್ತದೆ. ‘ಕಿಂಗ್ಸ್ ನೈಫ್’ನ ಎರಡೂ ಪದ ‘ಕೆ’ ಅಕ್ಷರದಿಂದ ಶುರುವಾಗುತ್ತವೆ, ಆದರೆ ‘ನೈಫ್’ನಲ್ಲಿ ಅದು ಮೂಕ. ‘ಫೈನ್ ಫೋಟೋ’ದಲ್ಲಿ ಅಕ್ಷರ ಬೇರೆ, ಸದ್ದು ಒಂದೇ, ಆದ್ದರಿಂದ ಅಲಿಟರೇಶನ್ ಇದೆ. ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆಸಿದರೆ ಮುಕ್ಕಾಲು ಗೊಂದಲ ಅಲ್ಲೇ ಕರಗುತ್ತದೆ. ಒಂದು ಕಡೆ ಮಾತ್ರ ನಮ್ಮ ಲಿಪಿ ಕೈಕೊಡುತ್ತದೆ. ‘ವೆರಿ ವಾರ್ಮ್ ವಿಲೇಜ್’: ಕನ್ನಡದಲ್ಲಿ ಮೂರೂ ‘ವ’. ಇಂಗ್ಲಿಷಿನಲ್ಲಿ ‘ವೆರಿ’, ‘ವಿಲೇಜ್’ಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ‘ವಾರ್ಮ್’ಗೆ ತುಟಿ ದುಂಡಗಾಗಬೇಕು. ನಡುವಿನದು ಆ ಸಾಲಿಗೆ ಸೇರದು. ಇಡೀ ವರ್ಗ ತುಟಿ ಕಚ್ಚಿ, ದುಂಡಗೆ ಮಾಡಿ ನೋಡಿತು. ನಗು ನಿಲ್ಲಲು ಐದು ನಿಮಿಷ ಬೇಕಾಯಿತು.

ಮೆಟಾನಮಿ, ಸಿನೆಕ್ಡಕಿ ಜೋಡಿಯನ್ನು ಪುಸ್ತಕದ ವ್ಯಾಖ್ಯೆಯಿಂದ ಬಿಡಿಸುವುದು ಕಷ್ಟ. ಮನೆಯ ಮಾತಿನಿಂದ ಶುರುಮಾಡಿದರೆ ಸಲೀಸು. “ಆ ಮನ್ಯಾಗ ಉಣ್ಣೂ ಬಾಯಿ ಎಂಟು, ದುಡಿಯೂ ಕೈ ಎರಡು” ಎನ್ನುವುದು ಸಿನೆಕ್ಡಕಿಯೇ: ಭಾಗ ಹೇಳಿ ಇಡೀ ಮನುಷ್ಯನನ್ನು ಸೂಚಿಸುವುದು. ‘ಟೆನ್ ಹ್ಯಾಂಡ್ಸ್ ವರ್ ಹೈರ್ಡ್’ ಅದರ ಅಣ್ಣ. ‘ವಿಧಾನಸೌಧ ಹ್ಯಾಸ್ ಡಿಸೈಡೆಡ್’ ಮೆಟಾನಮಿ: ಸರಕಾರ ಎನ್ನುವಲ್ಲಿ ಅದಕ್ಕೆ ಸಂಬಂಧಿಸಿದ ಕಟ್ಟಡದ ಹೆಸರು. ಕೈ ಆಳಿನ ಮೈಗೆ ಅಂಟಿದೆ, ವಿಧಾನಸೌಧ ಮಂತ್ರಿಯ ಮೈಗೆ ಅಂಟಿಲ್ಲ. ಅಲ್ಲಿರುವುದು ಬರೀ ಸಂಬಂಧ.

“ಹಂಗಾದ್ರ ‘ಇಂಡಿಯಾ ವನ್ ದ ಮ್ಯಾಚ್’ ಯಾವ್ದರಿ?” ಎಂದಳೊಬ್ಬಳು. ಹಲಗೆಯ ಮೇಲಿಲ್ಲದ ವಾಕ್ಯ, ಒಳ್ಳೆಯ ಪ್ರಶ್ನೆ. ಆಡಿದವರು 11 ಜನ, ಹೇಳಿದ್ದು ಇಡೀ ದೇಶದ ಹೆಸರು. ಇಡಿಯಿಂದ ಭಾಗ ಸೂಚಿಸಿದರೂ ಸಿನೆಕ್ಡಕಿಯೇ.

‘ಓಪನ್ ಸೀಕ್ರೆಟ್’ ಥರದ ಆಕ್ಸಿಮೊರಾನಿನಲ್ಲಿ ವಿರುದ್ಧ ಪದಗಳು ಒಂದಕ್ಕೊಂದು ಅಂಟಿರುತ್ತವೆ, ‘ಮ್ಯಾನ್ ಪ್ರಪೋಸಸ್, ಗಾಡ್ ಡಿಸ್ಪೋಸಸ್’ ಥರದ ಆ್ಯಂಟಿಥಿಸಿಸಿನಲ್ಲಿ ತಕ್ಕಡಿಯ ಎರಡು ತಟ್ಟೆಯಲ್ಲಿ ಕೂಡುತ್ತವೆ. ಅಷ್ಟು ಹೇಳುವಾಗ ಗಂಟೆಯಾಯಿತು. 20ನೆಯ ವಾಕ್ಯ ‘ದ ಟೀ ಈಸ್ ಹಾಟ್’. ಅದರ ಮುಂದೆ ಹಲವರು ಹೈಪರ್‌ಬಲಿ, ಅಂದರೆ ಅತಿಶಯೋಕ್ತಿ, ಎಂದು ಬರೆದಿದ್ದರು. ‘ಇಂಡಿಯಾ’ ಕೇಳಿದವಳು ಮಾತ್ರ ಜಾಗ ಖಾಲಿ ಬಿಟ್ಟಿದ್ದಳು.