ಗೌಡ್ರ ಮನೆ, ಎರಡು ಆಳು

ನಮ್ಮ ಅಡುಗೆಮನೆ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್ ಇದೆ. ಹಾಲಿನ ಲೆಕ್ಕ, ಗ್ಯಾಸ್ ಹಚ್ಚಿದ ದಿನ, ದನಕ್ಕೆ ಇಂಜೆಕ್ಷನ್ ಕೊಡಿಸಿದ ದಿನ, ಎಲ್ಲ ಅದರ ಮೇಲೇ. ಸುಗ್ಗಿ ಬಂದರೆ ಮುಯ್ಯಾಳಿನ ಲೆಕ್ಕವೂ ಸೇರಿಕೊಳ್ಳುತ್ತದೆ. ಮುಯ್ಯಾಳು ಗೊತ್ತಲ್ವಾ? ಇವತ್ತು ನಿಮ್ಮ ಮನೆಯಿಂದ ಇಬ್ಬರು ನಮ್ಮ ಕೆಲಸಕ್ಕೆ ಬಂದರೆ ನಾಳೆ ನಮ್ಮ ಮನೆಯಿಂದ ಇಬ್ಬರು ನಿಮ್ಮ ಕೆಲಸಕ್ಕೆ ಬರಬೇಕು. ಕೂಲಿ ಇಲ್ಲ, ದುಡ್ಡಿನ ಮಾತಿಲ್ಲ. ಲೆಕ್ಕ ಮಾತ್ರ ಪಕ್ಕಾ. ಅದನ್ನು ಬರೆಯುವ ಕೆಲಸ ಚಿಕ್ಕಂದಿನಿಂದ ನನ್ನದು. ಈಗ ಶಿವಮೊಗ್ಗದ ಒಂದು ಸಂಘದಲ್ಲಿ ಲೆಕ್ಕ ಬರೆದೇ ಸಂಬಳ ತೆಗೆದುಕೊಳ್ಳುತ್ತೇನೆ.

ಊರು ತೀರ್ಥಹಳ್ಳಿ ದಾಟಿ ಆಗುಂಬೆ ರಸ್ತೆಯಲ್ಲಿ. ಬಸ್ಸಿಳಿದು ಒಳಗೆ ಎರಡು ಕಿಲೋಮೀಟರ್ ನಡೆಯಬೇಕು. ಅಜ್ಜ ಮಂಗಳೂರು ಕಡೆಯಿಂದ ಅದೇ ಘಾಟಿ ಹತ್ತಿ ತೋಟದ ಕೆಲಸಕ್ಕೆ ಬಂದವರು. ಮನೆಯೊಳಗೆ ಕೊಂಕಣಿ, ಹೊಸಿಲು ದಾಟಿದರೆ ಕನ್ನಡ. ನಾವು ಕ್ಯಾಥೊಲಿಕರು. ಶಿವಮೊಗ್ಗ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪರ ಕೆಳಗಿನ ಚರ್ಚುಗಳ ವಲಯ, ಶುರುವಾದದ್ದು 1988ರ ನವೆಂಬರ್‌ನಲ್ಲಿ. ನಾನು ಹುಟ್ಟಿದ್ದೂ ಅದೇ ತಿಂಗಳು. ಹಾಗಾಗಿ ಧರ್ಮಪ್ರಾಂತ್ಯದ ಹಬ್ಬ ಆದಾಗಲೆಲ್ಲ ಅಮ್ಮ ನನ್ನ ವಯಸ್ಸನ್ನೂ ಊರಿಗೆಲ್ಲ ಸಾರಿಬಿಡುತ್ತಾಳೆ.

ಗೌಡ್ರ ಮನೆ ನಮ್ಮ ತೋಟದ ಕೆಳಗೆ. ನಡುವೆ ಒಂದು ಅಗಳ, ಅದರಾಚೆ ಹಳ್ಳ. ಹಳ್ಳಕ್ಕೆ ಇಬ್ಬರದ್ದೂ ಪಂಪ್. ಬೇಸಿಗೆ ಬಂತೆಂದರೆ ಅಲ್ಲಿ ಮೊಣಕಾಲು ಮುಳುಗುವಷ್ಟೂ ನೀರಿರುವುದಿಲ್ಲ. ತ್ರೀ ಫೇಸ್ ಕರೆಂಟ್ ಬರುವ ಹೊತ್ತಿಗೆ ಯಾರು ಮೊದಲು ಮೋಟಾರ್ ಹಾಕುತ್ತಾರೋ ನೀರು ಅವರದ್ದು. ಎರಡು ವರ್ಷದ ಹಿಂದೆ ಗೌಡರು ನಮ್ಮ ಅಂಗಳದಲ್ಲೇ ನಿಂತು ಅಮ್ಮನಿಗೆ ಒಂದು ಮಾತು ಅಂದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಅಪ್ಪ ಇದ್ದಿದ್ದರೆ ಆ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ, ಅಷ್ಟೇ. ಅವತ್ತಿನಿಂದ ಮಾತು ನಿಂತಿತು, ಮುಯ್ಯಾಳು ನಿಂತಿತು, ಕ್ರಿಸ್‌ಮಸ್‌ಗೆ ಅವರ ಮನೆಗೆ ಹೋಗುತ್ತಿದ್ದ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ತಟ್ಟೆಯೂ ನಿಂತಿತು. ತಟ್ಟೆ ನಿಲ್ಲಿಸಿದ್ದು ಅಮ್ಮ ಅಲ್ಲ, ನಾನು.

ಇಷ್ಟು ಹೇಳಿದ ಮೇಲೆ ಆ ಭಾನುವಾರಕ್ಕೆ ಬರುತ್ತೇನೆ.

ಡಿಸೆಂಬರ್‌ನ ಎರಡನೇ ಶನಿವಾರ ರಜೆ ಇತ್ತು, ಊರಿಗೆ ಬಂದಿದ್ದೆ. ಮರುದಿನ ಆಗಮನ ಕಾಲದ ಮೂರನೇ ಭಾನುವಾರ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಿಗೆ ಚರ್ಚಿನಲ್ಲಿ ನಾಲ್ಕು ಮೇಣದಬತ್ತಿ ಇಟ್ಟಿರುತ್ತಾರೆ, ವಾರಕ್ಕೊಂದು ಹಚ್ಚುತ್ತಾ ಹೋಗುತ್ತಾರೆ. ಮೂರು ನೇರಳೆ, ಒಂದು ಗುಲಾಬಿ. ಮೂರನೇ ವಾರಕ್ಕೆ ಗುಲಾಬಿ ಬಣ್ಣದ್ದು. ಆ ದಿನಕ್ಕೆ ಗೌದೇತೆ ಭಾನುವಾರ ಎಂದು ಹೆಸರು. ಲ್ಯಾಟಿನ್‌ನಲ್ಲಿ ಗೌದೇತೆ ಅಂದರೆ ಸಂತೋಷಪಡಿ ಎಂದರ್ಥ. ಸಂತ ಪೌಲರು ಫಿಲಿಪ್ಪಿಯರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯದಿಂದ ಬಂದ ಮಾತು. ಸದಾ ಸಂತೋಷಪಡಿ, ಮತ್ತೊಮ್ಮೆ ಹೇಳುತ್ತೇನೆ, ಸಂತೋಷಪಡಿ ಎಂದು ಅಲ್ಲಿದೆ. ಪ್ರಬೋಧನೆಯಲ್ಲಿ ಫಾದರ್, ಪೌಲರು ಇದನ್ನು ಬರೆದದ್ದು ಸೆರೆಮನೆಯಲ್ಲಿ ಕೂತು ಎಂದು ನೆನಪಿಸಿದರು.

ನನಗೆ ಕಿರಿಕಿರಿ ಆಯಿತು. ಖುಷಿಯಾಗಿರು ಅಂತ ಹೇಳಿದ ತಕ್ಷಣ ಖುಷಿ ಆಗುತ್ತದಾ? ಆ ವರ್ಷ ನನ್ನ ಬಡ್ತಿ ಇನ್ನೊಬ್ಬರಿಗೆ ಹೋಗಿತ್ತು. ಊಟ ರುಚಿಸುತ್ತಿರಲಿಲ್ಲ, ನಿದ್ದೆಯೂ ಅಷ್ಟಕ್ಕಷ್ಟೇ. ಯಾರಿಗೆ ಎಷ್ಟು ಮಾಡಿದೆ, ಯಾರು ತಿರುಗಿ ಏನು ಕೊಟ್ಟರು ಎಂದು ರಾತ್ರಿ ಮಲಗಿಕೊಂಡು ಕೂಡಿ ಕಳೆಯುವುದೇ ನನ್ನ ಜಪಮಾಲೆಯಾಗಿತ್ತು.

ಮನೆಗೆ ಬಂದು ಊಟ ಮಾಡಿ ಕಾಲು ಚಾಚಿದ್ದೆ. ಅಮ್ಮ ಅಡಿಕೆ ಸುಲಿಯುವ ಮೆಟ್ಟುಗತ್ತಿ ಎರಡನ್ನೂ ಅಟ್ಟದಿಂದ ಇಳಿಸಿ ಗೋಣಿಯಲ್ಲಿ ಸುತ್ತುತ್ತಿದ್ದಳು.

"ಎಲ್ಲಿಗೆ?"

"ಗೌಡ್ರ ಮನೆಗೆ."

ಶುಕ್ರವಾರ ಸಂಜೆ ಗೌಡರು ಬೈಕಿನಿಂದ ಬಿದ್ದು ತೊಡೆ ಮೂಳೆ ಮುರಿದುಕೊಂಡಿದ್ದರಂತೆ. ಶಿವಮೊಗ್ಗಕ್ಕೆ ಒಯ್ದಿದ್ದರು, ಹೆಂಡತಿಯೂ ಜೊತೆಗೆ ಹೋಗಿದ್ದರು. ಆದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡರಿಗೆ ಶನಿವಾರ ಎಂದು ಮೊದಲೇ ಹೇಳಿಯಾಗಿತ್ತು. ಅವರನ್ನು ತಪ್ಪಿಸಿಕೊಂಡರೆ ಆ ಸೀಸನ್‌ನಲ್ಲಿ ಮತ್ತೆ ಸಿಗುವುದು ಕಷ್ಟ. ಬಂದು ಕೊಯ್ದು ಹಾಕಿ ಹೋಗಿದ್ದರು. ಅಂಗಳದಲ್ಲಿ ಹಸಿ ಅಡಿಕೆ ರಾಶಿ ಬಿದ್ದಿದೆ, ಮನೆಯಲ್ಲಿ ಅಜ್ಜಿ ಮತ್ತು ಪಿಯುಸಿ ಓದುವ ಹುಡುಗ ಇಬ್ಬರೇ. ಸುಲಿಯುವ ಮೆಷಿನ್‌ನವರು ಒಂದು ವಾರ ಆಗುವುದಿಲ್ಲ ಎಂದಿದ್ದರು. ಕೂಲಿಗೆ ಸುಲಿಯುವವರು ಬೇರೆ ಮನೆ ಹಿಡಿದಾಗಿತ್ತು. ಕೆಂಪಡಿಕೆ ಮಾಡುವವರಿಗೆ ಇದರ ಗಡಿಬಿಡಿ ಗೊತ್ತು. ಕೊಯ್ದ ಅಡಿಕೆಯನ್ನು ಬೇಗ ಸುಲಿದು ಬೇಯಿಸಬೇಕು. ಬಿಟ್ಟರೆ ಬಣ್ಣ ಹೋಯಿತು. ಬಣ್ಣ ಹೋದರೆ ಮಂಡಿಯಲ್ಲಿ ರೇಟೂ ಹೋಯಿತು.

"ಅವರು ನಮ್ಮನ್ನ ಕರೆದಿದ್ದಾರಾ?" ಎಂದೆ.

"ಕರೆಯೋಕೆ ಅವರಿಗೆ ಮುಖ ಎಲ್ಲಿದೆ? ನಾವೇ ಹೋಗಬೇಕು."

ನಾನು ಹೋದದ್ದು ಪ್ರೀತಿಯಿಂದ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅರವತ್ತೆಂಟು ವರ್ಷದ ಅಮ್ಮ ಬೆನ್ನು ಬಗ್ಗಿಸಿಕೊಂಡು ಒಬ್ಬಳೇ ಕೂತು ಸುಲಿಯುತ್ತಾಳಲ್ಲ ಎಂಬ ಸಂಕಟಕ್ಕೆ ಹೋದೆ. ಹೋಗುವ ಮುಂಚೆ ಅಭ್ಯಾಸಬಲದಿಂದ ಕ್ಯಾಲೆಂಡರಿನ ಆ ಚೌಕದಲ್ಲಿ ಬರೆದೆ: ಗೌಡ್ರ ಮನೆ, ಎರಡು ಆಳು.

ದಣಪೆ ಸರಿಸಿ ಒಳಗೆ ಕಾಲಿಟ್ಟಾಗ ಅಜ್ಜಿ ಒಬ್ಬರೇ ರಾಶಿಯ ಮುಂದೆ ಕೂತಿದ್ದರು. ಪಕ್ಕದಲ್ಲಿ ಸುಲಿದದ್ದು ಒಂದು ಬುಟ್ಟಿಯೂ ತುಂಬಿರಲಿಲ್ಲ. ನಮ್ಮನ್ನು ನೋಡಿ ಕೈ ನಿಲ್ಲಿಸಿದರು. ಏನು ಹೇಳಬೇಕು ಅಂತ ಅವರಿಗೂ ತಿಳಿಯಲಿಲ್ಲ, ನಮಗೂ ತಿಳಿಯಲಿಲ್ಲ. ಅಮ್ಮ ಗೋಣಿ ಬಿಚ್ಚಿ, ಮೆಟ್ಟುಗತ್ತಿ ಹಾಕಿಕೊಂಡು ಕೂತೇಬಿಟ್ಟಳು.

"ಎಂತಕ್ಕೆ ಬಂದ್ರಿ ಬಾಯಮ್ಮ, ಈ ಮೋಡದಲ್ಲಿ," ಎಂದರು ಅಜ್ಜಿ ಕೊನೆಗೆ.

"ಮೋಡ ಅಂತಲೇ ಬಂದದ್ದು. ಮಳೆ ಬಂದ್ರೆ ಇದೆಲ್ಲ ಎಂತಾಗ್ತದೆ?"

ಅಷ್ಟೇ. ಎರಡು ವರ್ಷದ ಜಗಳದ ರಾಜಿ ಪಂಚಾಯಿತಿ ಅಲ್ಲಿಗೆ ಮುಗಿಯಿತು.

ಮೆಟ್ಟುಗತ್ತಿ ಮುಟ್ಟದೆ ನನಗೆ ಹತ್ತು ವರ್ಷದ ಮೇಲಾಗಿತ್ತು. ಮಣೆಯ ಮೇಲೆ ಕೂತರೆ ಅಲಗು ನಮ್ಮ ಮುಂದೆ ನೆಟ್ಟಗೆ ನಿಂತಿರುತ್ತದೆ. ಅಡಿಕೆಯನ್ನು ಅದಕ್ಕೆ ಒತ್ತಿ, ಸಿಪ್ಪೆಗೆ ತುದಿ ಹೊಕ್ಕ ಕೂಡಲೇ ಮಣಿಕಟ್ಟು ತಿರುಗಿಸಿ ಎಬ್ಬಿಸಬೇಕು. ಹದ ಗೊತ್ತಿದ್ದವರ ಕೈಯಲ್ಲಿ ಎರಡೇ ಪಟ್ಟಿಗೆ ಬೆತ್ತಲೆ ಅಡಿಕೆ ಬುಟ್ಟಿಗೆ ಹಾರುತ್ತದೆ. ನನ್ನ ಕೈಯಲ್ಲಿ ನಾಲ್ಕಾಯಿತು, ಐದಾಯಿತು, ಆಮೇಲೆ ಹೆಬ್ಬೆರಳೇ ಆಯಿತು. ರಕ್ತಕ್ಕಿಂತ ಆ ಗಾಯಕ್ಕೆ ಹಸಿ ಸಿಪ್ಪೆಯ ರಸ ತಾಗಿದ್ದು ಜಾಸ್ತಿ ಉರಿಯಿತು. ಅಜ್ಜಿ ತಮ್ಮ ಸೆರಗಿನ ಅಂಚನ್ನೇ ಹರಿದು ಕಟ್ಟಿದರು. "ಬೆರಳು ಉಳಿಸ್ಕಳೇ ಮಾರಾಯ್ತಿ. ಅಡಿಕೆ ಮುಂದಿನ ವರ್ಷನೂ ಬರ್ತದೆ."

ಕತ್ತಲಾಗುವ ಹೊತ್ತಿಗೆ ನಮ್ಮ ಚರ್ಚಿನ ಇಬ್ಬರು ಹೆಂಗಸರು ಬಂದರು, ಅಮ್ಮನೇ ಪೂಜೆ ಮುಗಿದ ಮೇಲೆ ಹೇಳಿಟ್ಟಿದ್ದಳಂತೆ. ಮೇಲಿನ ಮನೆಯ ಮೇಷ್ಟ್ರು ರಿಟೈರ್ ಆಗಿ ಬೇಜಾರಿನಲ್ಲಿದ್ದವರು, ದೀಪ ಕಂಡು ತಾವೂ ಬಂದು ಕೂತರು. ಹುಡುಗ ಬಲ್ಬಿನ ವೈರ್ ಎಳೆದು ಚಪ್ಪರದ ಕಂಬಕ್ಕೆ ಕಟ್ಟಿದ. ಅಜ್ಜಿ ಬೆಲ್ಲದ ಕಾಫಿ ಮಾಡಿಕೊಂಡು ಬಂದರು. ಆಮೇಲೆ ಮಾತು ಶುರುವಾಯಿತು ನೋಡಿ. ಅಡಿಕೆ ಸುಲಿಯುವಾಗಿನ ಮಾತಿಗೆ ತಲೆಬುಡ ಇರುವುದಿಲ್ಲ. ದೆವ್ವದ ಕಥೆ, ಯಾರದ್ದೋ ಮದುವೆ ಮುರಿದದ್ದು, ಮಂಗನ ಕಾಟ, ಮೇಷ್ಟ್ರು ಆಟದಲ್ಲಿ ವೇಷ ಕಟ್ಟಿ ಕಿರೀಟ ಬೀಳಿಸಿಕೊಂಡದ್ದು. ನಡುವೆ ಅಜ್ಜಿ ಅಮ್ಮನ ಕಡೆ ತಿರುಗಿ, "ನಿಮ್ಮ ಏಸಪ್ಪ ಹುಟ್ಟೋದು ಯಾವಾಗ ಈ ಸಲ?" ಎಂದರು.

"ಪ್ರತಿ ಸಲನೂ ಇಪ್ಪತ್ತೈದಕ್ಕೇ ಹುಟ್ಟೋದು," ಎಂದಳು ಅಮ್ಮ.

"ಹೌದನಾ? ಎರಡು ವರ್ಷದಿಂದ ಹುಟ್ಟಿದ ಸುದ್ದಿನೇ ಇಲ್ಲ. ನೆವ್ರಿ ಬರ್ಲಿಲ್ಲಲ್ಲ."

ನೆವ್ರಿ ಅಂದರೆ ಕುಸ್ವಾರಿನ ತಟ್ಟೆಯಲ್ಲಿರುವ, ಕರ್ಜಿಕಾಯಿಯಂಥ ಸಿಹಿ. ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ನಗುತ್ತಲೇ ಕಿವಿ ಬಿಸಿಯಾಯಿತು.

ಗಂಟೆ ಎಷ್ಟಾಯಿತು ಎಂದು ನೋಡಿದ್ದು ಹುಡುಗ ಒಲೆಗೆ ಬೆಂಕಿ ಹಾಕಿದಾಗ. ಒಂಬತ್ತೂವರೆ. ಹಂಡೆಯಲ್ಲಿ ಹೋದ ವರ್ಷದ ಚೊಗರು, ಅಂದರೆ ಅಡಿಕೆ ಬೇಯಿಸಿ ಉಳಿದ ಗಟ್ಟಿ ರಸ, ಸೇರಿಸಿದ ನೀರು ಕುದಿಯುತ್ತಿತ್ತು, ಕಂದು ಬಣ್ಣದ ನೊರೆ, ಮೂಗಿಗೆ ಒಗರು ಒಗರು ವಾಸನೆ. ಏಳು ಗಂಟೆ ಹೊತ್ತು ನಾನು ಫೋನ್ ಮುಟ್ಟಿರಲಿಲ್ಲ. ಬಡ್ತಿ ನೆನಪಾಗಿರಲಿಲ್ಲ. ಗೌಡರ ಆ ಮಾತು, ಅವರದ್ದೇ ಅಂಗಳದಲ್ಲಿ ಕೂತಿದ್ದರೂ, ಒಮ್ಮೆಯೂ ನೆನಪಾಗಿರಲಿಲ್ಲ. ಸೊಂಟ ಸೆಟೆದುಕೊಂಡಿತ್ತು, ಬೆರಳು ಉರಿಯುತ್ತಿತ್ತು. ಆದರೂ ಎದೆಯೊಳಗೆ ಏನೋ ಹಗುರವಾಗಿತ್ತು, ತೊಳೆದು ಬೋರಲು ಹಾಕಿದ ಪಾತ್ರೆಯ ಹಾಗೆ. ಚರ್ಚಿನಲ್ಲಿ ಬೆಳಿಗ್ಗೆ ಹಚ್ಚಿದ್ದ ಗುಲಾಬಿ ಬತ್ತಿ ಆಗ ನೆನಪಿಗೆ ಬಂತು. ಅದರ ಬಗ್ಗೆ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಮೇಷ್ಟ್ರು ಏನಾದರೂ ತಮಾಷೆ ಮಾಡುತ್ತಿದ್ದರು.

ಮರುದಿನ ಮೊದಲ ಬಸ್ಸಿಗೆ ಹೊರಟೆ. ಮಂಡಗದ್ದೆ ದಾಟುವಾಗ ತುಂಗೆಯ ಮೇಲೆ ಇನ್ನೂ ಮಂಜು. ಸುಮ್ನೆ ಫೋನಿನಲ್ಲಿ ಫಿಲಿಪ್ಪಿಯರ ಆ ಅಧ್ಯಾಯ ತೆರೆದೆ. ಫಾದರ್ ಓದಿದ್ದು ನಾಲ್ಕನೇ ವಚನದಿಂದ. ಅದಕ್ಕೆ ಎರಡು ವಚನ ಮುಂಚೆ ಏನಿದೆ ಗೊತ್ತಾ? ಆ ಸಭೆಯ ಇಬ್ಬರು ಹೆಂಗಸರಿಗೆ ಹೊಂದಿಕೊಂಡು ಹೋಗಿ ಎಂದು ಪೌಲರು ಹೆಸರು ಹಿಡಿದು ಬೇಡಿಕೊಳ್ಳುತ್ತಾರೆ. ಅವರಿಬ್ಬರಿಗೂ ಸಹಾಯ ಮಾಡಿ ಎಂದು ಇನ್ನೊಬ್ಬರಿಗೆ ಹೇಳುತ್ತಾರೆ. ಜಗಳ ಯಾವುದಕ್ಕೆ ಎಂದು ಬರೆದಿಲ್ಲ. ಪಂಪಿನದ್ದಂತೂ ಇರಲಾರದು. ಆ ಮಾತು ಮುಗಿದ ಮೇಲೇ ಬರುವುದು, ಸಂತೋಷಪಡಿ ಎನ್ನುವುದು. ನಾನು ಇಷ್ಟು ವರ್ಷ ಆ ವಚನವನ್ನು ಅದರ ನೆರೆಹೊರೆಯಿಂದ ಕಿತ್ತು ಓದಿದ್ದೆ.

ಇನ್ನೊಂದು ವಚನವೂ ಇದೆ, ಲೂಕರ ಹದಿನಾಲ್ಕನೇ ಅಧ್ಯಾಯದಲ್ಲಿ. ಊಟ ಹಾಕಿಸುವಾಗ ತಿರುಗಿ ಕರೆಯಬಲ್ಲ ನೆಂಟರನ್ನು, ಹಣವಂತ ನೆರೆಯವರನ್ನು ಕರೆಯಬೇಡ, ತಿರುಗಿ ಕೊಡಲಾಗದವರನ್ನು ಕರೆ ಎಂದು ಯೇಸು ಹೇಳುವುದು. ಮಲೆನಾಡಿನಲ್ಲಿ ಇದನ್ನು ಒಪ್ಪಿಸುವುದು ಸುಲಭವಲ್ಲ. ಮದುವೆ ಮನೆಯಲ್ಲೂ ಮುಯ್ಯಿ, ಗದ್ದೆಯಲ್ಲೂ ಮುಯ್ಯಿ. ಅದು ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ದುಡ್ಡಿಲ್ಲದ ಕಾಲದಲ್ಲಿ ಅಜ್ಜನನ್ನು ಈ ಊರಲ್ಲಿ ನಿಲ್ಲಿಸಿದ್ದೇ ಮುಯ್ಯಾಳು. ಆದರೆ ಲೆಕ್ಕ ಚುಕ್ತಾ ಆದಾಗ ಸಮಾಧಾನ ಆಗುತ್ತದೆಯೇ ಹೊರತು ಆ ರಾತ್ರಿಯ ಹಾಗೆ ಎದೆ ಹಗುರಾಗುವುದಿಲ್ಲ. ಇದು ನನ್ನ ಅನುಭವದ ಮಾತು, ಅಷ್ಟೇ.

ಆಫೀಸಿನಲ್ಲಿ ಹಾಜರಿ ಹಾಕುವಾಗ ಪಕ್ಕದವಳು ನನ್ನ ಬೆರಳು ನೋಡಿ, "ಏನ್ರೀ ಇದು, ಮೆಹಂದಿ ಕೆಟ್ಟೋಯ್ತಾ?" ಎಂದಳು. ಸೋಪಿಗೆ ಹೋಗದ ಕಪ್ಪು ಕಲೆ. ಎಂಟು ಹತ್ತು ದಿನ ಇತ್ತು. ಕ್ರಿಸ್‌ಮಸ್‌ಗೆ ಅದೇ ಬೆರಳಲ್ಲಿ ನೆವ್ರಿ ಮಡಿಸಿದೆ, ತಟ್ಟೆ ನಾನೇ ಒಯ್ದೆ.

ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಮಾರ್ಚ್ ಬಂತು, ಹಳ್ಳ ಇಳಿಯಿತು. ನಾನು ಊರಿಗೆ ಹೋಗಿದ್ದ ದಿನವೇ ಗೌಡರು ಕೋಲೂರಿಕೊಂಡು ನಮ್ಮ ಅಂಗಳಕ್ಕೆ ಬಂದರು. ಮೋಟಾರಿನ ಟೈಮು ನೀವೇ ತಪ್ಪಿಸಿದ್ದು ಎಂದು ದನಿ ಏರಿಸಿದರು. ಹಿಂದಿನ ಮಾತು ಆಡಲಿಲ್ಲ, ಅದು ನಿಜ. ಆದರೂ ನನಗೆ ಸಿಟ್ಟು ನೆತ್ತಿಗೇರಿತು. ಇವರ ಅಡಿಕೆ ಉಳಿಸಿದ್ದು ಯಾರು? ತೋರಿಸಿಯೇಬಿಡೋಣ ಅಂತ ಅಡುಗೆಮನೆಗೆ ನುಗ್ಗಿದೆ. ಹೊಸ ಕ್ಯಾಲೆಂಡರಿನ ಅಡಿಯಲ್ಲಿ ಹಳೆಯದು ಅದೇ ಮೊಳೆಗೆ ಇತ್ತು. ಡಿಸೆಂಬರ್ ಹುಡುಕಿದೆ. ಆ ಭಾನುವಾರದ ಚೌಕದಲ್ಲಿ ನಾನು ಬರೆದದ್ದರ ಮೇಲೆ ನೀಲಿ ಇಂಕಿನಲ್ಲಿ ಒತ್ತಿ ಒತ್ತಿ ಗೀಚಿ, ಅಮ್ಮ ತನ್ನ ದಪ್ಪ ಅಕ್ಷರದಲ್ಲಿ ಬೇರೆ ಬರೆದಿದ್ದಳು: ಗ್ಯಾಸ್ ಹಚ್ಚಿದ್ದು.

ಅಲ್ಲೇ ನಿಂತು ನಗು ತಡೆಯಲಾಗಲಿಲ್ಲ. ಆ ಸಿಲಿಂಡರ್ ಹಚ್ಚಿದವಳು ನಾನೇ, ಕ್ರಿಸ್‌ಮಸ್‌ನ ಹಿಂದಿನ ದಿನ.