ಎರಡನ್ನೂ ಬರಿ

ಮಗಳು ಏನು ಕೆಲಸ ಮಾಡ್ತಾಳೆ ಅಂತ ಯಾರಾದರೂ ಕೇಳಿದರೆ ನಮ್ಮಮ್ಮ ‘ಮಳೆ ಬಗ್ಗೆ ಬರೀತಾಳೆ’ ಅಂದುಬಿಡುತ್ತಾರೆ. ಅದಕ್ಕಿಂತ ಚೆನ್ನಾಗಿ ಹೇಳೋಕೆ ನನಗೂ ಬರಲ್ಲ. ಕಾಗದದ ಮೇಲೆ ನಾನು ಹವಾಮಾನ ಬದಲಾವಣೆ ಕುರಿತ ಸಂವಹನದ ಕನ್ಸಲ್ಟೆಂಟ್. ಹೊರದೇಶದ ಸಂಸ್ಥೆಯೊಂದು ದಿನಕ್ಕೆ ಇಷ್ಟು ಅಂತ ಗೊತ್ತು ಮಾಡಿ ಕರೆಯುತ್ತದೆ. ನಾನು ಹಳ್ಳಿಗೆ ಹೋಗಿ ಜನರನ್ನು ಮಾತಾಡಿಸಿ, ಅವರ ಕಥೆಯನ್ನು ಎರಡು ಪುಟಕ್ಕೆ ಇಳಿಸಿ ಕೊಡುತ್ತೇನೆ. ಓದಿದವರ ಮನಸ್ಸು ಕರಗಬೇಕು, ಆಮೇಲೆ ಜೇಬು ಬಿಚ್ಚಬೇಕು. ಅಷ್ಟೇ ಕೆಲಸ.

2023ರ ಮಾರ್ಚ್‌ನಲ್ಲಿ ಹೀಗೇ ಒಂದು ಕೆಲಸ ಬಂತು. ಅದಕ್ಕೆ ನಾಲ್ಕು ತಿಂಗಳ ಮುಂಚೆ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮಾವೇಶ ನಡೆದಿತ್ತು. ‘ನಷ್ಟ ಮತ್ತು ಹಾನಿ’ಗೆ ಅಂತಲೇ ಒಂದು ನಿಧಿ ಮಾಡೋಣ ಅಂತ ಅಲ್ಲಿ ತೀರ್ಮಾನವಾಗಿತ್ತು. ಹೊಗೆ ಬಿಟ್ಟವರು ಒಬ್ಬರು, ಮನೆ ಕಳೆದುಕೊಂಡವರು ಇನ್ನೊಬ್ಬರು, ಕಳೆದುಕೊಂಡವರಿಗೆ ಏನಾದರೂ ಕೊಡಿ ಅಂತ ಬಡ ದೇಶಗಳು ಎಷ್ಟೋ ವರ್ಷದಿಂದ ಕೇಳುತ್ತಿದ್ದದ್ದು. ನಿಧಿಗೆ ಹೆಸರೇನೋ ಬಂತು, ಒಳಗೆ ದುಡ್ಡು ಇರಲಿಲ್ಲ. ಆಗ ಕಥೆಗಳಿಗೆ ಬೇಡಿಕೆ ಶುರುವಾಯಿತು. ನನಗೆ ಬಂದ ಪತ್ರದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಹವಾಮಾನ ಬದಲಾವಣೆಯಿಂದ ಮನೆ ಕಳೆದುಕೊಂಡ ಒಬ್ಬ ಸಣ್ಣ ಕಾಫಿ ಬೆಳೆಗಾರ, 800 ಪದ, ಎರಡು ಫೋಟೋ, ಒಂದರಲ್ಲಿ ಮುಖ ಹತ್ತಿರದಿಂದ. ಆ ಬೆಳೆಗಾರ ಯಾರು ಅಂತ ನನಗೇ ಗೊತ್ತಿರಲಿಲ್ಲ. ತಲೆಬರಹ ಮಾತ್ರ ಆಗಲೇ ತಯಾರಾಗಿತ್ತು.

ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವ ಕೊಡಗಿನ ಸುಂಟಿಕೊಪ್ಪದಲ್ಲಿ ಇಳಿದೆ. ಪರಿಚಯದವರ ಪರಿಚಯದ ಒಬ್ಬ ಅಂಕಲ್ ಹಳೆ ಜೀಪು ತಂದು ಕಾಯುತ್ತಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ತಲೆಗೆ ಮಫ್ಲರ್. ಮಾದಾಪುರದ ಕಡೆ ತಿರುಗುವವರೆಗೂ ಮಾತೇ ಇಲ್ಲ. ಆಮೇಲೆ ಒಂದೇ ಪ್ರಶ್ನೆ.

‘ನೀನು ಕಸ್ತೂರಿರಂಗನ್ ಕಡೆಯವಳಾ?’

ನಗು ಬಂತು, ಆದರೆ ಅವರು ನಗುತ್ತಿರಲಿಲ್ಲ. ಪಶ್ಚಿಮ ಘಟ್ಟದ ಬಗ್ಗೆ ಕಸ್ತೂರಿರಂಗನ್ ಸಮಿತಿ 2013ರಲ್ಲಿ ಕೊಟ್ಟ ವರದಿ ಕೊಡಗಿನ ಹಳ್ಳಿಗಳನ್ನೂ ಪರಿಸರ ಸೂಕ್ಷ್ಮ ಪ್ರದೇಶದ ಪಟ್ಟಿಗೆ ಸೇರಿಸಿತ್ತು. ಅಂದಿನಿಂದ ಇಲ್ಲಿ ಪರಿಸರ ಅಂತ ಬಾಯಿ ತೆರೆದವರನ್ನು ಜನ ಮೊದಲು ತೂಗಿ ನೋಡುತ್ತಾರೆ. ‘ಇಲ್ಲ ಅಂಕಲ್, ನಾನು ಬರೀ ಬರೆಯೋಳು’ ಅಂದೆ. ‘ಅವರೂ ಬರೆದದ್ದೇ ಅಲ್ವಾ’ ಅಂದರು.

ಮಕ್ಕಂದೂರು ಕಡೆಯ ಗುಡ್ಡದಲ್ಲಿದ್ದ ಅವರ ಮನೆ 2018ರ ಆಗಸ್ಟಿನಲ್ಲಿ ಹೋಯಿತು. ಆ ವರ್ಷ ಮನೆ ಕಳೆದುಕೊಂಡವರಿಗೆ ಸರ್ಕಾರ ಕರ್ಣಂಗೇರಿ, ಮದೆನಾಡು, ಜಂಬೂರಿನಲ್ಲಿ ಮನೆ ಕಟ್ಟಿಕೊಟ್ಟಿತು. ಇವರಿಗೆ ಸಿಕ್ಕಿದ್ದು ಜಂಬೂರು. ತೋಟ ಮಾತ್ರ ಹಳೇ ಜಾಗದಲ್ಲೇ. ದಿನಾ ಬೆಳಗ್ಗೆ ಜೀಪಿನಲ್ಲಿ ತೋಟಕ್ಕೆ, ಸಂಜೆ ವಾಪಸ್ಸು. ‘ಆಫೀಸಿಗೆ ಹೋಗೋ ಹಾಗಾಗಿದೆ ನೋಡು’ ಅಂತ ಆಂಟಿ ಅಕ್ಕಿ ರೊಟ್ಟಿ, ಎಳ್ಳು ಪಜ್ಜಿ ತಂದಿಟ್ಟರು. ಜೊತೆಗೆ ಬೆಲ್ಲದ ಕಾಫಿ. ಸಾಲು ಮನೆಗಳು, ಎಲ್ಲ ಒಂದೇ ಥರ. ಮೊದಲ ತಿಂಗಳು ಅಂಕಲ್ ಎರಡು ಸಲ ಪಕ್ಕದ ಮನೆಗೆ ನುಗ್ಗಿದ್ದರಂತೆ.

ತಿಂಡಿ ಮುಗಿದ ಮೇಲೆ ಒಪ್ಪಿಗೆ ಫಾರಂ ತೆಗೆದೆ. ಮಾತಾಡಿಸುವ ಮುಂಚೆ ಸಹಿ ಆಗಬೇಕು, ನಿಯಮ. ಕನ್ನಡಕ್ಕೆ ತಂದಿದ್ದು ನಾನೇ ಅಲ್ಲ, ಯಾರೋ ಏಜೆನ್ಸಿಯವರು. ಅಂಕಲ್ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. ಫಾರಂ ಗಟ್ಟಿಯಾಗಿ ಓದುವವರನ್ನು ಕಂಡರೆ ನನಗೆ ಭಯ.

‘ಫಲಾನುಭವಿಯ ಹೆಸರು. ನಾನು ಯಾರ ಫಲ ತಿಂದೆ?’

‘ಅದು ಸುಮ್ನೆ ಫಾರಂ ಭಾಷೆ ಅಂಕಲ್.’

‘ಸಮುದಾಯದ ಸ್ಥಿತಿಸ್ಥಾಪಕತ್ವ.’ ನಿಂತರು. ‘ಇದನ್ನ ಎಂಟನೇ ಕ್ಲಾಸಲ್ಲಿ ಓದಿದ್ದೆ. ಎಳೆದು ಬಿಟ್ಟರೆ ರಬ್ಬರ್ ಮೊದಲಿನ ಥರ ಆಗ್ತದಲ್ಲ, ಅದು. ನಾವು ರಬ್ಬರಾ?’

ಪೆಟ್ಟು ಬಿದ್ದರೂ ಎದ್ದು ನಿಲ್ಲೋದು ಅಂತ ಏನೋ ಸಮಜಾಯಿಷಿ ಕೊಟ್ಟೆ. ‘ಹಾಗಂತ ಬರೀಬಹುದಿತ್ತಲ್ಲ’ ಅಂದರು. ಬರೀಬಹುದಿತ್ತು. ಈ ಕೆಲಸದಲ್ಲಿ ನನ್ನ ಅರ್ಧ ಜೀವ ಹೋಗುವುದು ಇಂಥ ಪದಗಳಿಗೇ. ಕೊನೆಗೆ ಆ ಎರಡೂ ಪದಗಳನ್ನು ಪೆನ್ನಿನಲ್ಲಿ ಹೊಡೆದು ಸಹಿ ಮಾಡಿದರು. ಫೋಟೋದ ಜಾಗದಲ್ಲಿ ‘ಮುಖ ಬೇಡ’ ಅಂತ ಬರೆದರು.

ಆಮೇಲೆ ಒಳಗಿನಿಂದ ಒಂದು ಪುಸ್ತಕ ತಂದರು. ಉದ್ದದ ಲೆಕ್ಕದ ಪುಸ್ತಕ. ರಟ್ಟಿನ ಮೂಲೆಗಳು ನೀರು ಕುಡಿದು ಉಬ್ಬಿದ್ದವು. ಒಳಗೆ ಪುಟ ತುಂಬ ಮಳೆ. ಕೊಡಗಿನಲ್ಲಿ ಮಳೆ ಲೆಕ್ಕ ಮಿಲಿಮೀಟರಿನಲ್ಲಿ ಅಲ್ಲ, ಇಂಚು ಮತ್ತು ಸೆಂಟ್‌ನಲ್ಲಿ. ನೂರು ಸೆಂಟ್ ಆದರೆ ಒಂದು ಇಂಚು. ತೋಟದವರು ಫೋನ್ ಎತ್ತಿದ ಕೂಡಲೇ ಕೇಳುವುದು ಹುಷಾರಾ ಅಂತಲ್ಲ, ನಿಮ್ಮಲ್ಲಿ ಎಷ್ಟು ಸೆಂಟ್ ಅಂತ. ಬೆಳಗ್ಗೆ ಎದ್ದು ಅಂಗಳದ ರೇನ್ ಗೇಜ್ ನೋಡಿ, ಗ್ಲಾಸಿಗೆ ಬಗ್ಗಿಸಿ ಅಳೆದು, ಬರೆದು, ಆಮೇಲೆ ಕಾಫಿ. ಅವರಪ್ಪ ಶುರು ಮಾಡಿದ್ದು, ಇವರು ಬಿಟ್ಟಿಲ್ಲ.

ಫೆಬ್ರುವರಿ ಮಾರ್ಚ್ ಪುಟಗಳಲ್ಲಿ ಕೆಲವು ಸಾಲುಗಳ ಸುತ್ತ ಕೆಂಪು ಗೆರೆ. ಅದು ಹೂ ಮಳೆ. ರೋಬಸ್ಟಾ ಕಾಫಿ ಗಿಡದ ಮೊಗ್ಗು ಒಣಗಿ ಕೂತಿರುತ್ತದೆ. ಒಂದು ಇಂಚಿನಷ್ಟು ಒಳ್ಳೆ ಮಳೆ ಬಿದ್ದರೆ ವಾರ, ಹತ್ತು ದಿನಕ್ಕೆ ತೋಟವೆಲ್ಲ ಬಿಳಿ. ಅಲ್ಲಿಂದ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು, ಇಲ್ಲದಿದ್ದರೆ ಕಾಯಿ ಕಟ್ಟುವುದಿಲ್ಲ. ಕಡಿಮೆ ಬಿದ್ದರೆ ಇನ್ನೂ ಕಷ್ಟ, ಮೊಗ್ಗು ಅರ್ಧ ಅರಳಿ ಹಾಳಾಗುತ್ತದೆ. ಕೆರೆ, ಪಂಪು, ಸ್ಪ್ರಿಂಕ್ಲರ್ ಇದ್ದವರು ಮಳೆಗೆ ಕಾಯದೆ ತಾವೇ ನೀರು ಹಾರಿಸುತ್ತಾರೆ. ಅಂಕಲ್‌ಗೆ ನಾಲ್ಕು ಎಕರೆ, ಕೆರೆ ಇಲ್ಲ. 2021ರ ಜನವರಿ ಮೊದಲ ವಾರದ ಸಾಲಿಗೆ ಕೆಂಪು ಗೆರೆ ಬದಲು ದೊಡ್ಡ ಪ್ರಶ್ನಾರ್ಥಕ ಚಿಹ್ನೆ. ಗಿಡದಲ್ಲಿ ಹಣ್ಣು, ಕಣದಲ್ಲಿ ಒಣಗುತ್ತಿದ್ದ ಕಾಫಿ, ಆಗ ಮಳೆ. ಇದ್ದ ಹಣ್ಣು ಉದುರಿತು, ಕಣದಲ್ಲಿದ್ದದ್ದು ಬೂಸ್ಟು ಹಿಡಿಯಿತು, ಜೊತೆಗೆ ಅಕಾಲದ ಹೂ ಬೇರೆ.

ಪುಟ ಹಿಂದಕ್ಕೆ ತಿರುಗಿಸಿದರು. 2018ರ ಆಗಸ್ಟ್. ಜೂನ್‌ನಿಂದಲೂ ಬಿಡದೆ ಸುರಿದ ವರ್ಷ ಅದು. ದಿನದಿನದ ಅಂಕಿ, ಅಚ್ಚುಕಟ್ಟಾದ ಅಕ್ಷರ. 16ನೇ ತಾರೀಕಿನ ಎದುರು ಏನೂ ಇಲ್ಲ. ಬರೀ ಒಂದು ಅಡ್ಡ ಗೆರೆ. ಗೆರೆ ಶುರುವಾದ ಕಡೆ ಪೆನ್ನು ಒತ್ತಿದ ಗುರುತು ಹಿಂದಿನ ಪುಟಕ್ಕೂ ಇಳಿದಿತ್ತು.

‘ಅವತ್ತು ರೇನ್ ಗೇಜೇ ಹೋಯ್ತು’ ಅಂದರು ಅಂಕಲ್. ‘ಗೆರೆ ಆಮೇಲೆ, ಕ್ಯಾಂಪಲ್ಲಿ ಕೂತು ಎಳೆದದ್ದು.’

ಆಂಟಿ ಅಡುಗೆಮನೆಯಿಂದಲೇ ಕೂಗಿದರು. ‘ಮನೆ ಬಿಡುವಾಗ ಮದುವೆ ಆಲ್ಬಮ್ ತಗೊಳ್ಳಿ ಅಂದೆ. ಜಾಗದ ಕಾಗದದ ಜೊತೆ ಈ ಮಳೆ ಪುಸ್ತಕ ತಂದ್ರು. ಮದುವೆಯಾದದ್ದಕ್ಕೆ ನನ್ನ ಹತ್ರ ಈಗ ಸಾಕ್ಷಿನೇ ಇಲ್ಲ.’

ಹತ್ತು ಗಂಟೆಗೆ ತೋಟಕ್ಕೆ ಹೋದೆವು. ಹಟ್ಟಿಹೊಳೆ ದಾಟಿ ಒಳಗೆ. ಮನೆ ಇದ್ದ ಜಾಗದಲ್ಲಿ ಈಗ ಕುರುಚಲು ಗಿಡ, ಒಂದು ಕಡೆ ಮೆಟ್ಟಿಲು ಮಾತ್ರ ಉಳಿದಿದೆ. ಮೂರು ಮೆಟ್ಟಿಲು, ಎಲ್ಲಿಗೂ ಹೋಗದ ಮೆಟ್ಟಿಲು. ನನ್ನೊಳಗಿನ ಕನ್ಸಲ್ಟೆಂಟ್ ಎದ್ದು ಕೂತಳು. ಫೋಟೋ ಸಿಕ್ಕಿತು, ಕಥೆಯ ಮೊದಲ ಸಾಲೂ ಸಿಕ್ಕಿತು. ಫೋನು ತೆಗೆದು ಕೋನ ಹುಡುಕುತ್ತಿದ್ದೆ. ಅಂಕಲ್ ಹಿಂದಿನ ಬರೆ ಕಡೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆ ಕಡೆ, ಕೈ ತೋರಿಸಿದರು.

‘ಮೇಲಿನ ಗುಡ್ಡದಲ್ಲಿ ಹೋಂಸ್ಟೇಗೆ ಅಂತ ಜೆಸಿಬಿ ಹಾಕಿ ಮಟ್ಟ ಮಾಡಿದ್ರು. ಅದು ಎಲ್ಲರಿಗೂ ಗೊತ್ತು. ಇದು ಗೊತ್ತಿಲ್ಲ, ನೋಡು. ಇಲ್ಲಿ ನಾನೇ ಎಂಟು ಅಡಿ ಕಡಿಸಿದ್ದೆ. ಕಣ ಸಾಲ್ತಿರಲಿಲ್ಲ. ಬರೆಯ ಬುಡ ತೆಗೆದೆ. ಎರಡು ವರ್ಷಕ್ಕೆ ಬರೆ ಬಂದು ಮನೆ ತೆಗೀತು.’

ನಾನು ನನಗೆ ಗೊತ್ತಿದ್ದ ವಿಜ್ಞಾನ ಹೇಳಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳುತ್ತದೆ. ಕೊಡ ದೊಡ್ಡದಾದ ಹಾಗೆ. ತುಂಬೋಕೆ ಹೊತ್ತು ಹಿಡಿಯುತ್ತದೆ, ಮಗುಚಿದರೆ ಒಂದೇ ಸಲ ಜಾಸ್ತಿ ಸುರಿಯುತ್ತದೆ. ಅದಕ್ಕೇ ಮಳೆ ಇಲ್ಲದ ದಿನಗಳೂ ಜಾಸ್ತಿ, ಬಂದರೆ ಒಟ್ಟಿಗೇ ಬರುವುದೂ ಜಾಸ್ತಿ. ಅವರು ಪೂರ್ತಿ ಕೇಳಿದರು. ಪುಸ್ತಕದಲ್ಲೂ ಹಾಗೇ ಕಾಣ್ತದೆ ಅಂದರು.

‘ಹಾಗಾದ್ರೆ ಮಳೆ ಅವರದ್ದು, ಬರೆ ನಂದು. ಎರಡನ್ನೂ ಬರಿ, ಮಗಳೇ.’

ಕೆಳಗೆ ಲೈನ್ ಮನೆಯ ಹತ್ತಿರ ಕೆಲಸದ ಹೆಂಗಸೊಬ್ಬರು ಮೆಣಸು ಒಣ ಹಾಕುತ್ತಿದ್ದರು. ಅವರನ್ನೂ ಮಾತಾಡಿಸಿದೆ. ಮಳೆ ಬಂದರೆ ಏನಾಗುತ್ತದೆ ಅಂತ ಕೇಳಿದ್ದಕ್ಕೆ ‘ಕೂಲಿ ಇಲ್ಲ’ ಅಂದರು. ಅಷ್ಟೇ. ನನ್ನ ಕೈಯಲ್ಲಿದ್ದ ಫೋನು ನೋಡಿ ಸೆರಗು ಎಳೆದುಕೊಂಡರು. ‘ಆ ವರ್ಷ ಒಂದು ಕಂಬಳಿಗೆ ನಾಲ್ಕು ಫೋಟೋ ತೆಗೆದ್ರು. ಈ ಸಲ ಏನು ತಂದಿದ್ದೀರಿ?’ ನಾನು ಏನೂ ತಂದಿರಲಿಲ್ಲ. ಫೋನು ಒಳಗಿಟ್ಟೆ.

ಈಗ ನನ್ನ ತಪ್ಪು ಹೇಳಬೇಕು. ವಾಪಸ್ಸು ಬಸ್ಸಿನಲ್ಲೇ ಮೊದಲ ಕರಡು ಬರೆದೆ. ಮೂರು ಮೆಟ್ಟಿಲು, ಅಡ್ಡ ಗೆರೆ, ಮದುವೆ ಆಲ್ಬಮ್, ಎಲ್ಲ ಬಂತು. ಎಂಟು ಅಡಿ ಬರೆ ಬರಲಿಲ್ಲ. ಮರೆತದ್ದಲ್ಲ. ಬಿಟ್ಟದ್ದು. ಕಥೆ ಅಷ್ಟು ಚೆನ್ನಾಗಿ ಕೂತಿತ್ತು. ಅದನ್ನು ಯಾಕೆ ಅಲುಗಾಡಿಸಲಿ ಅನ್ನಿಸಿತು.

ಕಳಿಸುವ ಮುಂಚೆ ಅಂಕಲ್‌ಗೆ ಫೋನಿನಲ್ಲಿ ಕನ್ನಡದಲ್ಲಿ ಹೇಳಿ ಒಪ್ಪಿಗೆ ತಗೊಳ್ಳುವುದು ನನ್ನ ಅಭ್ಯಾಸ. ಹೇಳಿದೆ. ಪೂರ್ತಿ ಕೇಳಿದರು. ಒಂದಷ್ಟು ಹೊತ್ತು ಬರೀ ಜೀರುಂಡೆ ಸದ್ದು.

‘ಕಣದ್ದು ಎಲ್ಲಿ?’

ಸೇರಿಸಿದೆ. ಎರಡೇ ಸಾಲು. ಮೂರು ದಿನಕ್ಕೆ ಸಂಸ್ಥೆಯಿಂದ ಮೇಲ್ ಬಂತು. ಆ ಎರಡು ಸಾಲಿನ ಪಕ್ಕ ಟಿಪ್ಪಣಿ: ಇದು ಸಂದೇಶವನ್ನು ದುರ್ಬಲ ಮಾಡುತ್ತದೆ, ತೆಗೆಯಬಹುದೇ? ಅವರನ್ನು ಸುಮ್ನೆ ಬೈಯಲಾರೆ. ಆ ಭಯ ನನಗೂ ಗೊತ್ತು. ದುಡ್ಡು ಕೊಡಲು ಮನಸ್ಸಿಲ್ಲದ ದೇಶದವರು ಇಂಥ ಎರಡು ಸಾಲಿಗೇ ಕಾಯುತ್ತಿರುತ್ತಾರೆ. ನೋಡಿ, ಅವರೇ ಗುಡ್ಡ ಕಡಿದರಂತೆ, ನಮ್ಮ ಹೊಗೆಯದ್ದೇನು ತಪ್ಪು ಅಂತ ಶುರುಮಾಡುತ್ತಾರೆ. ಈ ಕಡೆಗೂ ಅಂಥವರಿದ್ದಾರೆ. ಎಲ್ಲದಕ್ಕೂ ಹವಾಮಾನ ಬದಲಾವಣೆ ಅಂದುಬಿಟ್ಟರೆ ಜೆಸಿಬಿ ಲೆಕ್ಕ ಯಾರೂ ಕೇಳುವುದಿಲ್ಲ, ಅನುಮತಿ ಕೊಟ್ಟವರ ಹೆಸರೂ ಬರುವುದಿಲ್ಲ. ಒಂದೇ ಕಾರಣ ಎಲ್ಲರಿಗೂ ಅನುಕೂಲ.

ಮೇಲ್ ಮೇಲೆ ಮೇಲ್. 2018ರ ಕುಸಿತಗಳಿಗೆ ಭಾರೀ ಮಳೆಯ ಜೊತೆಗೆ ಇಳಿಜಾರು ಕಡಿದದ್ದನ್ನೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯೇ ಕಾರಣವಾಗಿ ಹೇಳಿದೆ ಅಂತ ಬರೆದೆ. ನಾವು ಮುಚ್ಚಿಟ್ಟದ್ದನ್ನು ಬೇರೆಯವರು ತೆಗೆದು ತೋರಿಸಿದರೆ ಉಳಿದ 798 ಪದವನ್ನೂ ಯಾರೂ ನಂಬಲ್ಲ ಅಂತಲೂ ಬರೆದೆ. ಲೆಕ್ಕ ಸರಿಯಿರಲಿಲ್ಲ, ಸಿಟ್ಟಿನಲ್ಲಿದ್ದೆ. ಕೊನೆಗೆ ಕೆಲಸಕ್ಕೆ ಬಂದದ್ದು ಈ ವಾದ ಯಾವುದೂ ಅಲ್ಲ, ಒಪ್ಪಿಗೆ ಫಾರಂ. ಕಣದ ಸಾಲು ಇಲ್ಲದಿದ್ದರೆ ತಮ್ಮ ಕಥೆಯೂ ಬೇಡ ಅಂತ ಅಂಕಲ್ ಹೇಳಿದ್ದಾರೆ ಅಂದೆ. ಅವರು ಹಾಗೇ ಹೇಳಿದ್ದರು. ಎರಡು ಸಾಲಿನಲ್ಲಿ ಒಂದು ಉಳಿಯಿತು. ಫೋಟೋ ಜಾಗಕ್ಕೆ ಮುಖದ ಬದಲು ಅಡ್ಡ ಗೆರೆಯ ಪುಟ ಹೋಯಿತು. ಮೆಟ್ಟಿಲನ್ನು ಒಳಪುಟದಲ್ಲಿ ಹಾಕಿದರು.

2023ರ ನವೆಂಬರ್ ಕೊನೆಯಲ್ಲಿ ದುಬೈನಲ್ಲಿ ಸಮಾವೇಶ ಶುರುವಾದ ಮೊದಲ ದಿನವೇ ಆ ನಿಧಿಗೆ ಚಾಲನೆ ಸಿಕ್ಕಿತು. ಒಂದಷ್ಟು ದೇಶಗಳು ದುಡ್ಡು ಕೊಡುವುದಾಗಿ ಹೇಳಿದವು. ನಮ್ಮ ಪುಸ್ತಿಕೆಯೂ ಅಲ್ಲಿ ಯಾವುದೋ ಮೇಜಿನ ಮೇಲೆ ಇತ್ತಂತೆ. ಯಾರು ಓದಿದರೋ. ಜನವರಿಯಲ್ಲಿ ಎರಡು ಪ್ರತಿ ಜಂಬೂರಿಗೆ ಕೊರಿಯರ್ ಮಾಡಿದೆ. ತಲುಪಿತು ಅಂತಲೂ ಸುದ್ದಿ ಇಲ್ಲ.

2024ರಲ್ಲಿ ರೋಬಸ್ಟಾ ಬೆಲೆ ಹಿಂದೆಂದೂ ಕಾಣದಷ್ಟು ಏರಿತು. ಅಂಕಲ್‌ನಿಂದ ವಾಟ್ಸಾಪ್ ಬಂತು: ‘ವಿಯೆಟ್ನಾಂನಲ್ಲಿ ಮಳೆ ಇಲ್ಲ, ನಮಗೆ ರೇಟು. ಇದನ್ನೂ ನಿನ್ನ ವರದಿಗೆ ಹಾಕು.’ ಜಗತ್ತಿನಲ್ಲಿ ಅತಿ ಹೆಚ್ಚು ರೋಬಸ್ಟಾ ಬೆಳೆಯುವ ದೇಶ ಅದು. ಅಲ್ಲಿ ಬರ ಬಿದ್ದರೆ ಇಲ್ಲಿ ಮೂಟೆಗೆ ಬೆಲೆ. ಯಾವ ಪುಸ್ತಿಕೆಯಲ್ಲಿ ಎಲ್ಲಿ ಹಾಕಲಿ ಇದನ್ನು?

ಪುಸ್ತಿಕೆ ಬಂತಾ ಅಂಕಲ್ ಅಂತ ಕೇಳಿದೆ. ಉತ್ತರಕ್ಕೆ ಒಂದು ಫೋಟೋ ಕಳಿಸಿದರು. ಮಳೆ ಪುಸ್ತಕಕ್ಕೆ ಹೊಸ ಬೈಂಡು. ನಮ್ಮ ಪುಸ್ತಿಕೆಯ ಹಾಳೆ ಕತ್ತರಿಸಿ, ಶಾಲೆ ಮಕ್ಕಳ ಹಾಗೆ ಮೂಲೆ ಮಡಚಿ ಹಾಕಿದ್ದರು. ಮುಂದಿನ ರಟ್ಟಿನ ಮೇಲೆ ಮೂರು ಮೆಟ್ಟಿಲು. ತಲೆಬರಹ ಬೆನ್ನಿನ ಮೇಲೆ ಬಂದು ಅರ್ಧಕ್ಕೇ ಮಡಚಿಹೋಗಿತ್ತು.

‘ಪೇಪರ್ ಒಳ್ಳೆ ಗಟ್ಟಿ ಇದೆ’ ಅಂತ ಬರೆದಿದ್ದರು. ಅದರ ಕೆಳಗೆ ಇನ್ನೊಂದು ಮೆಸೇಜು. ‘ಇವತ್ತು 60 ಸೆಂಟ್. ಸಾಲದು.’